ಸಮಾಜದ ಜಾಲತಾಣಕ್ಕೆ ಹೆಸರು: ಆರಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಮುನಿಸಂಘದ ವಿಹಾರ, ಚಾತುರ್ಮಾಸ, ಬಸದಿಯ ವಾರ್ಷಿಕೋತ್ಸವ, ವಿದ್ಯಾರ್ಥಿವೇತನದ ಅರ್ಜಿ, ವಧೂವರರ ವಿವರ, ನಿಧನ ವಾರ್ತೆ ಹೀಗೆ ಸಮಾಜದ ಬಹುಪಾಲು ಮಾಹಿತಿ ಇಂದು ವಾಟ್ಸಾಪ್ ಗುಂಪುಗಳಲ್ಲಿ ಬಂದು ಎರಡೇ ದಿನದಲ್ಲಿ ಕಣ್ಮರೆಯಾಗುತ್ತದೆ. ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಜೈನ ಮಿಲನಗಳು, ಯುವಕ ಸಂಘಗಳು, ಮಹಿಳಾ ಸಮಾಜಗಳು ತಮ್ಮದೇ ಜಾಲತಾಣ ಮಾಡಿಕೊಳ್ಳುವ ಯೋಚನೆ ಮಾಡುತ್ತವೆ. ಆಗ ಎದುರಾಗುವ ಮೊದಲ ಪ್ರಶ್ನೆ ಹೆಸರಿನದು. ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ "ಇದು ನಮ್ಮದು" ಎಂದು ಯಾರು ಒಳಬರುತ್ತಾರೆ, "ಅದು ಅವರದು" ಎಂದು ಯಾರು ದೂರ ಉಳಿಯುತ್ತಾರೆ ಎಂಬುದು ಬಹುಮಟ್ಟಿಗೆ ಹೆಸರಿನಲ್ಲೇ ತೀರ್ಮಾನವಾಗುತ್ತದೆ.

ಹೆಸರಿನೊಳಗೆ ಯಾರಿದ್ದಾರೆ?

ಕರ್ನಾಟಕದ ಜೈನ ಸಮಾಜ ಒಂದೇ ಬಗೆಯದಲ್ಲ. ಕರಾವಳಿ, ಮಲೆನಾಡು, ಬೆಳಗಾವಿ, ಧಾರವಾಡ, ಹಾಸನ, ತುಮಕೂರು ಭಾಗಗಳಲ್ಲಿ ಶತಮಾನಗಳಿಂದ ನೆಲೆಸಿದ ದಿಗಂಬರ ಕುಟುಂಬಗಳಿವೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಂಥ ನಗರಗಳಲ್ಲಿ ರಾಜಸ್ಥಾನ, ಗುಜರಾತಿನಿಂದ ಬಂದು ನೆಲೆಯೂರಿದ ಶ್ವೇತಾಂಬರ ಮೂರ್ತಿಪೂಜಕ, ಸ್ಥಾನಕವಾಸಿ ಮತ್ತು ತೇರಾಪಂಥಿ ಕುಟುಂಬಗಳಿವೆ.

'ಬಸದಿ' ಎಂಬ ಪದವನ್ನೇ ನೋಡಿ. ಸಂಸ್ಕೃತದ 'ವಸತಿ'ಯಿಂದ ಬಂದ ಈ ಪದ ಕನ್ನಡ ನಾಡಿನ ಜೈನರ ಗುರುತು. ಆದರೆ ಸ್ಥಾನಕವಾಸಿ ಮತ್ತು ತೇರಾಪಂಥಿ ಸಂಪ್ರದಾಯಗಳಲ್ಲಿ ಮೂರ್ತಿಪೂಜೆ ಇಲ್ಲ. ಗುಜರಾತಿ ಮನೆಗಳಲ್ಲಿ ಮಂದಿರಕ್ಕೆ 'ದೇರಾಸರ್' ಎನ್ನುತ್ತಾರೆ. 'ಗೊಮ್ಮಟ' ಎಂದ ಕೂಡಲೇ ನೆನಪಾಗುವುದು 981ರ ಶ್ರವಣಬೆಳಗೊಳ, 1432ರ ಕಾರ್ಕಳ, 1604ರ ವೇಣೂರು. ಬಸದಿಗಳ ಇತಿಹಾಸಕ್ಕೆ ಮೀಸಲಾದ ತಾಣಕ್ಕೆ ಇಂಥ ಹೆಸರುಗಳಿಗಿಂತ ಒಳ್ಳೆಯದು ಬೇರೆ ಇಲ್ಲ. ಎಲ್ಲ ಪಂಥಗಳ ಕುಟುಂಬಗಳಿಗಾಗಿ ಮಾಡುವ ತಾಣಕ್ಕೆ ಮಾತ್ರ ಅವು ಕಿರಿದಾಗುತ್ತವೆ.

'ಶ್ರಾವಕ' ಎಂಬ ಪದಕ್ಕೂ ಮಿತಿ ಇದೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಈ ನಾಲ್ವರೂ ಸೇರಿದರೆ ಚತುರ್ವಿಧ ಸಂಘ. ಅವರಲ್ಲಿ ಒಬ್ಬರನ್ನು ಮಾತ್ರ ಹೇಳುವ ಪದಕ್ಕಿಂತ ನಾಲ್ವರನ್ನೂ ಒಳಗೊಳ್ಳುವ 'ಸಂಘ' ಹೆಚ್ಚು ಹೊಂದುತ್ತದೆ.

ಪ್ರದೇಶದ ಹೆಸರನ್ನು ಸೇರಿಸುವಾಗಲೂ ಮುಂದಾಲೋಚನೆ ಬೇಕು. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿಯಲ್ಲಿ ಸ್ಥಾಪನೆಯಾದ ಸಂಸ್ಥೆಯ ಮೊದಲ ಹೆಸರು 'ದಕ್ಷಿಣ ಮಹಾರಾಷ್ಟ್ರ ಜೈನ ಸಭಾ'. ಇಂದು ಅದು 'ದಕ್ಷಿಣ ಭಾರತ ಜೈನ ಸಭಾ'. ಸಂಸ್ಥೆ ತನ್ನ ಫಲಕವನ್ನು ಬದಲಿಸಿಕೊಳ್ಳಬಹುದು. ಜಾಲತಾಣದ ವಿಳಾಸ ಬದಲಾದರೆ, ಹಳೆಯ ವಿಳಾಸವನ್ನೂ ಉಳಿಸಿಕೊಂಡು ಹೊಸದಕ್ಕೆ ಜೋಡಿಸದ ಹೊರತು, ಈಗಾಗಲೇ ಎಲ್ಲೆಡೆ ಹಂಚಿಕೆಯಾದ ಕೊಂಡಿಗಳೆಲ್ಲ ವ್ಯರ್ಥವಾಗುತ್ತವೆ.

ಒಮ್ಮತದ ಹೆಸರಿಗೆ ಒಂದು ಉದಾಹರಣೆ

ಎಲ್ಲರೂ ಒಪ್ಪುವ ಹೆಸರು ಸಾಧ್ಯವೇ ಎಂಬ ಪ್ರಶ್ನೆಗೆ ಜೈನ ಸಮಾಜದಲ್ಲೇ ಉತ್ತರವಿದೆ. ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, ಎಲ್ಲ ಪಂಥಗಳಿಗೂ ಮಾನ್ಯವಾಗುವ ಒಂದು ಗ್ರಂಥ ಬೇಕೆಂದು ವಿನೋಬಾ ಭಾವೆ ಅವರು ಪ್ರೇರಣೆ ನೀಡಿದರು. ಜಿನೇಂದ್ರ ವರ್ಣಿಯವರು ಸಂಕಲನ ಮಾಡಿದರು. ಅದರ ಮೊದಲ ರೂಪಕ್ಕೆ 'ಜೈನಧರ್ಮ ಸಾರ' ಎಂಬ ಹೆಸರಿತ್ತು. ಪರಿಷ್ಕರಣೆಯ ಹಂತದಲ್ಲಿ ಅದು 'ಜಿಣಧಮ್ಮಂ' ಆಯಿತು. 1974ರ ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಸಂಗೀತಿಯಲ್ಲಿ ಎಲ್ಲ ಪಂಥಗಳ ಮುನಿಗಳು, ವಿದ್ವಾಂಸರು ಕುಳಿತು ಚರ್ಚಿಸಿದ ಬಳಿಕ 'ಸಮಣಸುತ್ತಂ' ಎಂಬ ಹೆಸರು ನಿಂತಿತು. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದ ಪೂಜ್ಯ ವಿದ್ಯಾನಂದ ಮುನಿಗಳು ಆ ಸಂಗೀತಿಯ ಪ್ರಮುಖರಲ್ಲಿ ಒಬ್ಬರು.

'ಸಮಣ' ಎಂದರೆ ಶ್ರಮಣ. ಆ ಪದ ಯಾವ ಒಂದು ಪಂಥದ ಸ್ವತ್ತೂ ಅಲ್ಲ. ಪ್ರಾಕೃತವು ಆಗಮಗಳ ಭಾಷೆ, ಇಂದು ಯಾವ ಪ್ರಾಂತ್ಯದ ಆಡುಮಾತೂ ಅಲ್ಲ. ಹೀಗಾಗಿ ಯಾರಿಗೂ ಪರಕೀಯ ಎನಿಸಲಿಲ್ಲ. ಹೆಸರು ಎರಡು ಬಾರಿ ಬದಲಾಗಿದ್ದರಿಂದ ಗ್ರಂಥದ ಗೌರವ ಕುಗ್ಗಲಿಲ್ಲ. ಪ್ರಕಟಣೆಗೆ ಮುನ್ನವೇ ಎಲ್ಲರನ್ನೂ ಕೇಳಿದ್ದರಿಂದ ಅದು ಹೆಚ್ಚಿತು.

ಒಂದೇ ಪದ, ಬೇರೆ ಅರ್ಥ

ರಾಜ್ಯದ ಜೈನರ ಮನೆಮಾತು ಕನ್ನಡ, ತುಳು, ಮರಾಠಿ, ಹಿಂದಿ, ಮಾರವಾಡಿ, ಗುಜರಾತಿ ಎಂದು ಹಲವು. ಸಂಸ್ಕೃತ ಮೂಲದ ಪದ ಎಲ್ಲರಿಗೂ ತಿಳಿಯುತ್ತದೆ ಎಂದು ನಂಬಿದರೆ ಎಡವಬಹುದು. ಹಿಂದಿ, ಮರಾಠಿ, ಗುಜರಾತಿಯಲ್ಲಿ 'ಶಿಕ್ಷಾ', 'ಶಿಕ್ಷಣ' ಎರಡೂ ಬಳಕೆಯಲ್ಲಿದ್ದು, ಹಿಂದಿಯವರಿಗೆ 'ಶಿಕ್ಷಾ' ಎಂದರೆ ವಿದ್ಯಾಭ್ಯಾಸ; ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ. ಕನ್ನಡದ 'ಅವಕಾಶ' ಹಿಂದಿಯವರಿಗೆ ರಜೆ. 'ಸಂಸಾರ' ಎಂದರೆ ಕನ್ನಡದಲ್ಲಿ ಕುಟುಂಬ. ಶಾಸ್ತ್ರದಲ್ಲಿ ಅದೇ ಪದ ಜೀವನು ಬಿಡಿಸಿಕೊಳ್ಳಬೇಕಾದ ಜನ್ಮಮರಣಗಳ ಚಕ್ರ. ಕುಟುಂಬಗಳ ತಾಣಕ್ಕೆ 'ಜೈನ ಸಂಸಾರ' ಎಂದು ಹೆಸರಿಟ್ಟರೆ ಸ್ವಾಧ್ಯಾಯ ಮಾಡುವವರು ನಕ್ಕಾರು.

ಪೂಜ್ಯ ನಾಮಗಳ ಬಳಕೆ

ತೀರ್ಥಂಕರರ ಹೆಸರು, ಅರಿಹಂತ, ಸಿದ್ಧ ಮುಂತಾದ ಪದಗಳನ್ನು ಭಕ್ತಿಯಿಂದಲೇ ಆರಿಸಲಾಗುತ್ತದೆ. ಆದರೆ ತಾಣದ ಹೆಸರು ಮುಂದೆ ಜಾಹೀರಾತಿನ ಪಕ್ಕ, ಬಿಲ್ಲಿನ ಮೇಲೆ, ಕಸಕ್ಕೆ ಹೋಗುವ ಕರಪತ್ರದ ಮೇಲೆ ಬರುತ್ತದೆ. ಟೀಕೆಯ ಮಾತಿನಲ್ಲೂ ಬರುತ್ತದೆ. ಇದು ಅವಿನಯವಾಗುವುದೆಂಬ ಹಿರಿಯರ ಆತಂಕ ನಿರಾಧಾರವಲ್ಲ. ಅಹಿಂಸೆ, ಅನೇಕಾಂತ, ಮೈತ್ರಿ, ಜೀವದಯೆ, ಸ್ವಾಧ್ಯಾಯ ಮುಂತಾದ ಗುಣವಾಚಕ ಪದಗಳನ್ನು ಆಯ್ದುಕೊಂಡರೆ ಈ ತೊಡಕಿಲ್ಲ. ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಉದ್ದೇಶವಿದ್ದರೆ, ಯಾವುದೇ ವರ್ಗದ ಧಾರ್ಮಿಕ ಭಾವನೆಗೆ ನೋವುಂಟುಮಾಡುವಂಥದ್ದನ್ನು ನೋಂದಾಯಿಸುವಂತಿಲ್ಲ ಎಂದು 1999ರ ಕಾಯ್ದೆ ಹೇಳುತ್ತದೆ ಎಂಬುದು ನೆನಪಿರಲಿ.

ಫೋನಿನಲ್ಲಿ ಹೇಳಿ ನೋಡಿ

ಕನ್ನಡದಲ್ಲಿ ಸರಳವಾದ ಹೆಸರು ಇಂಗ್ಲಿಷ್ ಅಕ್ಷರಗಳಿಗೆ ಬಂದಾಗ ಗೊಂದಲವಾಗಬಹುದು. 'ಜೈನ' ಎಂದು ಬರೆಯುವಾಗ ಕೊನೆಗೆ 'ಎ' ಬೇಕೇ ಬೇಡವೇ? 'ಶ್ರಮಣ'ಕ್ಕೆ 'ಎಸ್' ಸಾಕೇ, 'ಎಸ್‌ಎಚ್' ಬೇಕೇ? 'ವಾಣಿ'ಗೆ ಒಂದು 'ಎ' ಬರೆಯಬೇಕೇ, ಎರಡೇ? ಮೂಡುಬಿದಿರೆಯ ಹೆಸರನ್ನಂತೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ದೀರ್ಘ, ಒತ್ತಕ್ಷರ, ಣ, ಳ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇದಕ್ಕೆ ಸುಲಭದ ಪರೀಕ್ಷೆ ಇದೆ. ಹೆಸರನ್ನು ಒಮ್ಮೆ ಮಾತ್ರ ಫೋನಿನಲ್ಲಿ ಹೇಳಿ, ಊರಿನಲ್ಲಿರುವ ಅಜ್ಜಿಯೂ ಹೊರನಾಡಿನಲ್ಲಿ ಓದುವ ಮೊಮ್ಮಗಳೂ ಅದನ್ನು ಸರಿಯಾಗಿ ಟೈಪ್ ಮಾಡುತ್ತಾರೆಯೇ ನೋಡಬೇಕು. ಇಬ್ಬರು ಎರಡು ರೀತಿ ಬರೆದರೆ ಎರಡೂ ವಿಳಾಸಗಳನ್ನು ಕಾಯ್ದಿರಿಸಬೇಕು, ಇಲ್ಲವೇ ಬೇರೆ ಹೆಸರು ಹುಡುಕಬೇಕು. ನಿಯಮದ ಪ್ರಕಾರ ಹೆಸರಿನ ಭಾಗದಲ್ಲಿ 63 ಅಕ್ಷರಗಳವರೆಗೆ ಇರಬಹುದಾದರೂ ಹತ್ತು ಹನ್ನೆರಡು ದಾಟದಿದ್ದರೆ ಚೆನ್ನ. ಕನ್ನಡ ಲಿಪಿಯಲ್ಲೇ '.ಭಾರತ' ವಿಳಾಸ ಪಡೆಯುವ ಅವಕಾಶವೂ ಇದೆ. ಮುಖ್ಯ ವಿಳಾಸದ ಜೊತೆಗೆ ಅದನ್ನೂ ಇಟ್ಟುಕೊಳ್ಳಬಹುದು.

ನೋಂದಣಿ ಯಾರ ಹೆಸರಿನಲ್ಲಿ?

ವಿಳಾಸವನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು. ಒಂದರಿಂದ ಹತ್ತು ವರ್ಷಗಳಿಗೆ ಪಡೆದು ಮತ್ತೆ ನವೀಕರಿಸುತ್ತಿರಬೇಕು. ಉತ್ಸಾಹಿ ಯುವಕರೊಬ್ಬರು ತಮ್ಮ ಸ್ವಂತ ಇಮೇಲ್ ಮತ್ತು ಕಾರ್ಡಿನಿಂದ ನೋಂದಾಯಿಸಿ, ಮುಂದೆ ಕೆಲಸಕ್ಕೆಂದು ಪರದೇಶಕ್ಕೆ ಹೋದರೆ ನವೀಕರಣದ ಸೂಚನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಧಿ ಮೀರಿದ ವಿಳಾಸವನ್ನು ಯಾರು ಬೇಕಾದರೂ ಪಡೆದು ಜೂಜಿನ ಜಾಹೀರಾತಿಗೂ ಬಳಸಬಹುದು. ಅಹಿಂಸೆಯ ಹೆಸರಿನ ತಾಣದಲ್ಲಿ ಅಂಥದ್ದು ಕಂಡರೆ ಸಮಾಜಕ್ಕೆ ಆಗುವ ನೋವು ಸಣ್ಣದಲ್ಲ. ಆದ್ದರಿಂದ ನೋಂದಣಿ ಸಂಸ್ಥೆಯ ಹೆಸರಿನಲ್ಲೇ ಇರಲಿ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ನವೀಕರಣದ ದಿನಾಂಕವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿಡಲಿ.

ಕೊನೆಯ ತೀರ್ಮಾನಕ್ಕೆ ಮುನ್ನ ಮೂರು ಹೆಸರುಗಳನ್ನು ಆರಿಸಿ, ಹಿರಿಯರು, ಮಹಿಳೆಯರು, ವಿದ್ಯಾರ್ಥಿಗಳು ಹಾಗೂ ಬೇರೆ ಪಂಥದ ಒಂದೆರಡು ಕುಟುಂಬಗಳ ಮುಂದಿಟ್ಟು ಕೇಳುವುದು ಒಳಿತು. ಯಾವುದು ಚೆನ್ನಾಗಿದೆ ಎಂದು ಕೇಳುವುದಕ್ಕಿಂತ, ಯಾವ ಹೆಸರು ಕೇಳಿದಾಗ ಇದು ತಮಗಲ್ಲ ಎನಿಸುತ್ತದೆ ಎಂದು ಕೇಳಬೇಕು. ಯಾರಿಗೂ ಹಾಗೆ ಅನಿಸದ ಹೆಸರು ಸಾದಾ ಆಗಿದ್ದರೂ ಅದನ್ನೇ ಆರಿಸುವುದು ಕ್ಷೇಮ.