ಪಾಸ್‌ವರ್ಡ್ ಮರೆತಿರಾ? ಫಾರ್ಮ್ಯಾಟಿಗೆ ಅವಸರ ಬೇಡ

ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಪರಿವರ್ತನೆ ಅವಧಿ 3 ವರ್ಷ. ಅಷ್ಟೂ ವರ್ಷದ ದಾಖಲೆ ಮನೆ ಕಂಪ್ಯೂಟರ್‌ನಲ್ಲಿದ್ದು ಅಡ್ಮಿನ್ ಪಾಸ್‌ವರ್ಡೇ ಮರೆತುಹೋದರೆ? ಪಂಜದ ಗೆಳೆಯರು ನನ್ನಲ್ಲಿ ಕೇಳುವುದು, "ಫಾರ್ಮ್ಯಾಟ್ ಮಾಡಿಸಲಾ?" ಅಂತ. ಬೇಡ, ದಾಖಲೆಯೂ ಹೋಗುತ್ತದೆ. ವಿಂಡೋಸ್ 10, 11ರಲ್ಲಿ ಮೊದಲು ಇಷ್ಟು ನೋಡಿ.

1. ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಖಾತೆಯಾದರೆ, ಮೊಬೈಲ್‌ನಲ್ಲೇ ಆ ಕಂಪನಿಯ ಜಾಲತಾಣಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ. ಆಮೇಲೆ ಕಂಪ್ಯೂಟರಿಗೆ ಹಾಟ್‌ಸ್ಪಾಟ್ ಕೊಟ್ಟು ಹೊಸದನ್ನು ಹಾಕಿ.

2. ಇಮೇಲ್ ಇಲ್ಲದ ಲೋಕಲ್ ಖಾತೆಯಾದರೆ, ತಪ್ಪು ಪಾಸ್‌ವರ್ಡ್ ಹಾಕಿದಾಗ 'ರೀಸೆಟ್ ಪಾಸ್‌ವರ್ಡ್' ಕಾಣಬಹುದು. ಮೊದಲೇ ಭದ್ರತಾ ಪ್ರಶ್ನೆ ಇಟ್ಟಿದ್ದರೆ ಉತ್ತರ ಕೊಟ್ಟರೆ ಸಾಕು.

3. ಮನೆಯಲ್ಲಿ ಇನ್ನೊಬ್ಬರಿಗೆ ಅಡ್ಮಿನ್ ಖಾತೆ ಇದ್ದರೆ, ಅದರಿಂದ ನಿಮ್ಮ ಲೋಕಲ್ ಖಾತೆಯ ಪಾಸ್‌ವರ್ಡ್ ಬದಲಿಸಬಹುದು.

4. ಯಾವುದೂ ಆಗದಿದ್ದರೆ ಪೆನ್‌ಡ್ರೈವ್‌ನಿಂದ ಉಬುಂಟು ಚಾಲೂ ಮಾಡಿ, ಇನ್‌ಸ್ಟಾಲ್ ಮಾಡದೆ, ಫೈಲುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಅದು ಹೆಚ್ಚಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಪಿ ಆದ ಮೇಲಷ್ಟೇ ರೀಸೆಟ್.

ಒಳಗೆ ಹೋದ ದಿನವೇ ದಾಖಲೆಯ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ತೆಗೆದು ಬೇರೆ ಕಡೆ ಇಡಿ. ನಮ್ಮೂರ ಸಿಡಿಲಿಗೂ ಅದೇ ಮದ್ದು.