ಅಕ್ಕಿಯ ಹೆಸರು, ಕೊಯ್ಲಿನ ಆಳು



ಕಾಫಿ ಕೊಯ್ಲಿಗೆ ಆಳು ಸಿಗುವುದು ಎಷ್ಟು ಕಷ್ಟವೆಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ. ಸಿಕ್ಕ ಆಳುಗಳನ್ನು ಒಂದೇ ಒಂದು ಮಾತು ತಪ್ಪಾಗಿ ತಿಳಿದು ಕಳೆದುಕೊಂಡ ಸಂಗತಿಯನ್ನು ಮಾತ್ರ ಹೇಳಬೇಕಾಗಿದೆ. ತಪ್ಪು ನಮ್ಮದೇ.

2022ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದಿಂದ ಬಂದ 14 ಜನ ನಮ್ಮ ತೋಟದ ಲೈನ್ ಮನೆಗಳಲ್ಲಿ ಇಳಿದರು. ಅವರ ಮೇಸ್ತ್ರಿ ಮೊದಲ ದಿನವೇ ಬಂದು "ಸಿದ್ಧೊ ಚಾಲ್" ಎಂದು ಕೇಳಿದ. ಚಾಲ್ ಎಂದರೆ ಅಕ್ಕಿ ಎಂಬುದನ್ನು ನಮ್ಮ ಅರೆಬರೆ ಹಿಂದಿಯಿಂದಲೇ ಊಹಿಸಿದೆವು. ಸಿದ್ಧ ಎಂಬುದಂತೂ ನಮ್ಮ ಮಾತೇ. ಅಕ್ಕಿ ಸಿದ್ಧವಿದೆಯೇ ಎಂದು ಕೇಳುತ್ತಿದ್ದಾನೆಂದು ತಿಳಿದು, "ಸಿದ್ಧವಿದೆ, ತೆಗೆದುಕೊಂಡು ಹೋಗಪ್ಪಾ" ಎಂದು ಸಂಘದ ಮಳಿಗೆಯಿಂದ ಎರಡು ಮೂಟೆ ಒಳ್ಳೆಯ ಸೋನಾ ಮಸೂರಿ ಹೊರಿಸಿ ಕಳಿಸಿದೆವು. ಮೂರು ದಿನ ಬಿಟ್ಟು ಆತ ಮತ್ತೆ ಬಂದು ಅದೇ ಮಾತು ಹೇಳಿದ. ಸಾಲದಾಯಿತೇನೋ ಎಂದು ಇನ್ನೊಂದು ಮೂಟೆ ಕೊಟ್ಟೆವು! ಎರಡನೆಯ ವಾರ ಒಂಬತ್ತು ಜನ ಬೇರೆ ತೋಟಕ್ಕೆ ಹೊರಟುಹೋದರು. ಹಣ್ಣು ಗಿಡದಲ್ಲೇ ಒಣಗಿತು. ಉದುರಿದ್ದನ್ನು ಆಯಲೂ ಜನವಿರಲಿಲ್ಲ.

ಉಳಿದವರಲ್ಲಿ ಒಬ್ಬ ಹೆಂಗಸು ತನ್ನ ಗಂಟಿನಿಂದ ಊರಿನ ಅಕ್ಕಿ ಒಂದು ಹಿಡಿ ತಂದು ತೋರಿಸಿದಾಗ ನಮ್ಮ ಕಣ್ಣು ತೆರೆಯಿತು. ಕಾಳಿಗೆ ತುಸು ಹಳದಿ ಬಣ್ಣ, ಹಲ್ಲಿಗೆ ಗಟ್ಟಿ. ನಮ್ಮ ಅಜ್ಜಿ ಹಂಡೆಯಲ್ಲಿ ಭತ್ತ ಬೇಯಿಸಿ ಅಂಗಳದಲ್ಲಿ ಹರಡುತ್ತಿದ್ದ ಕುಸುಬಲಕ್ಕಿಯೇ ಅದು, ಕರಾವಳಿಯವರ ಕುಚ್ಚಲಕ್ಕಿ! ಬಂಗಾಳಿಯಲ್ಲಿ ಸಿದ್ಧ ಎಂದರೆ ಬೇಯಿಸಿದ್ದು. ಬೆಳ್ತಿಗೆ ಅಕ್ಕಿಗೆ ಅವರು ಆತಪ್ ಎನ್ನುತ್ತಾರೆ; ಆತಪವೆಂದರೆ ಬಿಸಿಲಲ್ಲವೇ?

ಅಡಿಕೆ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಚಾಲಿಯಂತೆ ಬರೀ ಬಿಸಿಲಲ್ಲಿ ಒಣಗಿದ್ದು ಆತಪ್, ಕೆಂಪಡಿಕೆಯಂತೆ ಹಂಡೆ ಕಂಡದ್ದು ಸಿದ್ಧ. ಆದರೆ ಅಡಿಕೆಯನ್ನು ಸುಲಿದು ಬೇಯಿಸುತ್ತೇವೆ, ಭತ್ತವನ್ನು ಸಿಪ್ಪೆಯೊಡನೆ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿಸುತ್ತೇವೆ. ಹೀಗೆ ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವ ಸ್ವಲ್ಪ ಕಾಳಿನೊಳಕ್ಕೆ ಇಳಿಯುತ್ತದೆ. ಮಿಲ್ಲಿನಲ್ಲಿ ನುಚ್ಚೂ ಕಡಿಮೆ. ಬೆಳಿಗ್ಗೆ ಉಂಡರೆ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆಂದು ದುಡಿಯುವವರ ಅನುಭವ.

ಬಿಹಾರ, ಜಾರ್ಖಂಡ್ ಕಡೆಯವರು ಇದನ್ನೇ ಉಸ್ನಾ ಎಂದೂ ಬೆಳ್ತಿಗೆಯನ್ನು ಅರ್ವಾ ಎಂದೂ ಕರೆಯುತ್ತಾರೆ. ಉಸ್ನಾ ಎಂದರೆ ಮೈಗೆ ಉಷ್ಣವಾಗಿದೆಯೆಂದು ತಿಳಿದು ಲೈನಿಗೆ ಮಜ್ಜಿಗೆ ಕಳಿಸಿದ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ, ಹೆಸರು ಬೇಡ. ತಮಿಳರಿಗೆ ಪುಳುಂಗಲ್ ಅರಿಸಿ ಮತ್ತು ಪಚ್ಚರಿಸಿ, ಮಲಯಾಳಿಗಳಿಗೆ ಪುಳುಕ್ಕಲರಿ ಮತ್ತು ಪಚ್ಚರಿ. ಇಲ್ಲಿ ಪಚ್ಚ ಎಂದರೆ ಹಸಿರಲ್ಲ, ಹಸಿ. ವರ್ತಕರು ಬಾಯ್ಲ್ಡ್ ರೈಸ್ ಎನ್ನುವುದು ಕುಸುಬಲಕ್ಕಿಗೇ ಹೊರತು ಅನ್ನಕ್ಕಲ್ಲ.

ಅಡುಗೆಮನೆಯಲ್ಲೂ ಇದೇ ಪಾಡು. ತಮಿಳಿನ ಇಡ್ಲಿಯ ವಿಧಾನದಲ್ಲಿರುವ ಪುಳುಂಗಲ್ ಅರಿಸಿಯನ್ನು ಬರೀ ಅಕ್ಕಿ ಎಂದು ಕನ್ನಡಕ್ಕೆ ಇಳಿಸಿದರೆ ನಮ್ಮ ಮನೆಯವರು ಬೆಳ್ತಿಗೆ ನೆನೆಹಾಕುತ್ತಾರೆ. ಇಡ್ಲಿ ಗಟ್ಟಿಯಾದರೆ ಬೈಗುಳ ಉದ್ದಿಗೆ!

ತಳಿಯ ಹೆಸರನ್ನಂತೂ ಅನುವಾದಿಸಲೇಬಾರದು. ಜೀರಿಗೆ ಸಣ್ಣವನ್ನು ಹಿಂದಿಯವರಿಗೆ ಜೀರಾ ರೈಸ್ ಎಂದು ಹೇಳಿದರೆ ಒಗ್ಗರಣೆ ಹಾಕಿದ ಅನ್ನವೆಂದು ತಿಳಿಯುತ್ತಾರೆ. ತಮಿಳುನಾಡಿನ ಸೀರಗ ಸಂಬಾ, ವಯನಾಡಿನ ಜೀರಕಸಾಲ ಇವುಗಳ ಹೆಸರಲ್ಲೂ ಜೀರಿಗೆಯುಂಟು. ಅಷ್ಟರಿಂದಲೇ ಎಲ್ಲವೂ ಒಂದೇ ತಳಿಯೆಂದು ನಂಬಿ ಬಿತ್ತನೆ ಬೀಜ ಕೊಳ್ಳಬೇಡಿ. ಮಸೂರಿಗೂ ಮಸೂರ್ ಬೇಳೆಗೂ ನಂಟಿಲ್ಲ. 1965ರಲ್ಲಿ ಮಲೇಷ್ಯದಲ್ಲಿ ಬಿಡುಗಡೆಯಾದ ಮಹ್ಸೂರಿ ಎಂಬ ತಳಿ ನಮ್ಮವರ ಬಾಯಲ್ಲಿ ಮಸೂರಿಯಾಯಿತು. ಸೋನಾ ತಳಿಯೊಡನೆ ಅದರ ಸಂಕರವೇ ಸೋನಾ ಮಸೂರಿ.

ಮಳಿಗೆಯಲ್ಲಿ ಈಗ ಎರಡೂ ಬಗೆಯ ಅಕ್ಕಿ ಇರಿಸಿದ್ದೇವೆ, ಮೂಟೆಗಳ ಮುಂದೆ ಒಂದೊಂದು ಬಟ್ಟಲು ಮಾದರಿಯೂ ಇದೆ. ಕೊಯ್ಲಿಗೆ ಅಕ್ಕಿ ಬರೆಸುವ ಸದಸ್ಯರು ತಮ್ಮ ಕಾರ್ಮಿಕರಲ್ಲಿ ಅಡುಗೆ ಮಾಡುವವರೊಬ್ಬರನ್ನು ಜೊತೆಗೆ ಕರೆತರಬೇಕು. ನಾಲ್ಕು ಕಾಳು ಬಾಯಿಗೆ ಹಾಕಿ ನೋಡಲು ಅಡ್ಡಿಯಿಲ್ಲ.