ಆರ್. ಕೆ. ಲಕ್ಷ್ಮಣರ ರೇಖೆಯೂ ಕನ್ನಡದ ಹಾಸ್ಯವೂ

ಕನ್ನಡ ಹಾಸ್ಯಸಾಹಿತ್ಯದ ಚರಿತ್ರೆಯಲ್ಲಿ ‘ಕೊರವಂಜಿ’ಯ ಪ್ರಸ್ತಾಪ ಬಂದೊಡನೆ ರಾ. ಶಿ. ಅವರ ಗದ್ಯವನ್ನು ಸ್ಮರಿಸುವುದು ವಾಡಿಕೆ. ವೈದ್ಯರಾದ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಆ ಮಾಸಪತ್ರಿಕೆಯ ಬರಹಗಳಿಗೆ ದೊರೆತ ಆದರವು ಅದರ ಚಿತ್ರಗಳಿಗೆ ದೊರೆತಿಲ್ಲ. ಆ ಚಿತ್ರಕಾರರಲ್ಲಿ ಲಕ್ಷ್ಮಣರೂ ಒಬ್ಬರೆಂಬುದನ್ನು ನೆನೆದರೆ ಈ ಉಪೇಕ್ಷೆಯು ಸಣ್ಣದೆಂದು ತೋರುವುದಿಲ್ಲ.

ಲಕ್ಷ್ಮಣರು 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನಿಸಿದರು. ತಂದೆಯವರು ಶಾಲೆಯ ಮುಖ್ಯೋಪಾಧ್ಯಾಯರು, ಕಾದಂಬರಿಕಾರ ಆರ್. ಕೆ. ನಾರಾಯಣರು ಅಣ್ಣಂದಿರಲ್ಲಿ ಒಬ್ಬರು. ಮುಂಬಯಿಯ ಜೆ. ಜೆ. ಕಲಾಶಾಲೆಯು ಪ್ರವೇಶವನ್ನು ನಿರಾಕರಿಸಿದುದರಿಂದ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿದರು. ಈ ನಿರಾಕರಣವು ಒಂದು ಬಗೆಯಲ್ಲಿ ಒಳಿತೇ ಆಯಿತೆನ್ನಬೇಕು. ವಿದ್ಯಾರ್ಥಿದೆಸೆಯಲ್ಲಿಯೇ ಅವರು ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಕಥೆಗೆ ಚಿತ್ರ ಬರೆಯುವವನಿಗೆ ಮುಖವೊಂದೇ ಸಾಲದು. ಜಗುಲಿ, ಕಂಬ, ಕೊಡೆ, ಬೀದಿಯ ಜನ, ಇವೆಲ್ಲವೂ ಬೇಕು. ಮುಂದೆ ರಾಜಕೀಯ ವ್ಯಂಗ್ಯಚಿತ್ರಗಳಲ್ಲಿಯೂ ಅವರ ಪಾತ್ರಗಳು ಬರಿಯ ಬಯಲಿನಲ್ಲಿ ನಿಲ್ಲದೆ ಒಂದು ಊರಿನೊಳಗೆ ನಿಂತಿರುವುದಕ್ಕೆ ಈ ಅಭ್ಯಾಸವೇ ಕಾರಣವೆಂದು ತೋರುತ್ತದೆ.

ಮುಂಬಯಿಯಲ್ಲಿ ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆಯಲ್ಲಿ ಕೆಲಸ ಮಾಡಿದ ಬಳಿಕ ಅವರು ‘ಟೈಮ್ಸ್ ಆಫ್ ಇಂಡಿಯಾ’ವನ್ನು ಸೇರಿದರು. 1951ರಲ್ಲಿ ಅಲ್ಲಿ ‘ಯೂ ಸೆಡ್ ಇಟ್’ ಎಂಬ ದಿನಚಿತ್ರ ಮೊದಲಾಯಿತು. ಪಂಚೆ, ಚೌಕಳಿಯ ಕೋಟು, ಕನ್ನಡಕ, ಬೋಳುತಲೆಯ ಹಿಂದೆ ನಾಲ್ಕು ಕೂದಲು: ಈ ಮುದುಕನನ್ನು ಕನ್ನಡಿಗರು ‘ಶ್ರೀಸಾಮಾನ್ಯ’ನೆಂದರು. ಕುವೆಂಪು ಅವರ ಕವಿತೆಯಿಂದ ಪರಿಚಿತವಾದ ಈ ಪದವು ಅವನಿಗೆ ಎಷ್ಟು ಒಪ್ಪುವುದೆಂಬುದು ಬೇರೆಯ ಪ್ರಶ್ನೆ. ಕವಿಯ ಶ್ರೀಸಾಮಾನ್ಯನಿಗೆ ದೀಕ್ಷೆಯುಂಟು, ಚಿತ್ರಕಾರನ ಶ್ರೀಸಾಮಾನ್ಯನಿಗೆ ಬೆರಗು ಮಾತ್ರ. ಅವನು ಮಾತನಾಡುವುದೇ ಇಲ್ಲ. ಅಡಿಬರಹದ ಮಾತು ಮಂತ್ರಿಯದು, ಅಧಿಕಾರಿಯದು, ಇಲ್ಲವೆ ಅವನ ಹೆಂಡತಿಯದು. ಸಂಸ್ಕೃತ ನಾಟಕದ ವಿದೂಷಕನು ಮಾತಿನಿಂದ ನಗಿಸಿದರೆ ಈತನು ಕೇವಲ ಹಾಜರಿಯಿಂದ ನಗಿಸುತ್ತಾನೆ. ಮಂತ್ರಿಯ ಮಾತು ತನ್ನಷ್ಟಕ್ಕೆ ಗಂಭೀರವಾದುದೇ. ಈತನು ಪಕ್ಕದಲ್ಲಿ ನಿಂತುದರಿಂದಲೇ ಅದು ಹಾಸ್ಯವಾಗುತ್ತದೆ. ಆದುದರಿಂದ ಅಡಿಬರಹವನ್ನು ಸಾಹಿತ್ಯವೆಂದೂ ಚಿತ್ರವನ್ನು ಅಲಂಕಾರವೆಂದೂ ವಿಭಾಗಿಸುವ ವಿಮರ್ಶೆಯು ಇಲ್ಲಿ ನಿಲ್ಲಲಾರದು. ‘ಕೊರವಂಜಿ’ಯ ಸಂಚಿಕೆಗಳನ್ನು ಪಾಠ ಹೇಳುವವರಿಗೂ ಇದೇ ತೊಡಕು ಎದುರಾಗುತ್ತದೆ.

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ 2005ರಲ್ಲಿ ಪದ್ಮವಿಭೂಷಣವೂ ಸಂದುವು. 2015ರ ಜನವರಿ 26ರಂದು ಪುಣೆಯಲ್ಲಿ ನಿಧನರಾದರು. ಇದಕ್ಕೂ ಮೊದಲು, ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಗೆ ಲಕ್ಷ್ಮಣರ ರೇಖಾಚಿತ್ರಗಳೇ ಮುನ್ನುಡಿಯಾದುವು. ಅಣ್ಣನು ಇಂಗ್ಲಿಷಿನಲ್ಲಿ ಬರೆದ ಊರಿಗೆ ತಮ್ಮನು ಕೊಟ್ಟ ಜಗುಲಿಯೂ ಕಂಬಗಳೂ ಮಲೆನಾಡಿನ ಒಂದು ಹಳೆಯ ಮನೆಯಲ್ಲಿ ಕಾಣಿಸಿಕೊಂಡುವು.